ಅಡಿಕೆ ಲೆಕ್ಕದ ಪ್ರೋಗ್ರಾಮ್ ಒಳಗೊಂದು ಗ್ರೂವಿ ಕನ್ಸೋಲ್

ಶಿರಸಿಯ ಅಡಿಕೆ ವ್ಯಾಪಾರಿಯೊಬ್ಬರಿಗೆ ನಾನು ಜಾವಾದ ಕಿಟಕಿ-ಬಟನ್ ಮಾಡುವ ಲೈಬ್ರರಿ ಸ್ವಿಂಗ್‌ನಲ್ಲಿ ಲೆಕ್ಕದ ಪ್ರೋಗ್ರಾಮ್ ಬರೆದುಕೊಟ್ಟಿದ್ದೇನೆ. ‘ಚಾಲಿ ಮಾತ್ರ ಎಷ್ಟು ಕ್ವಿಂಟಲ್? ರಾಶಿಯಲ್ಲಿ ಸರಾಸರಿ ದರ ಎಷ್ಟು?’ ಅಡಿಕೆಯ ಈ ಬಗೆಗಳ ಮೇಲೆ ದಿನಾ ಹೊಸ ಪ್ರಶ್ನೆ. ಪ್ರತಿ ಸಲ ಹೊಸ ಬಟನ್ ಮಾಡುವುದಕ್ಕಿಂತ ಒಳಗೇ ಕನ್ಸೋಲ್ (ಒಂದು ಸಾಲು ಕೋಡ್ ಬರೆದು ಉತ್ತರ ಪಡೆಯುವ ಜಾಗ) ಇಡುವುದು ಒಳ್ಳೆಯದು, ಅಲ್ವಾ?

ಇದಕ್ಕೆ ಜಾವಾ ಜೊತೆಗೇ ಬರುತ್ತಿದ್ದ ಜಾವಾಸ್ಕ್ರಿಪ್ಟ್ ಎಂಜಿನ್ ನ್ಯಾಶಾರ್ನ್ ನೆಚ್ಚಿಕೊಳ್ಳಬೇಡಿ. ಜಾವಾ 15ರಲ್ಲೇ ಅದನ್ನು ತೆಗೆದಿದ್ದಾರೆ. ಜಾವಾ ಜೊತೆ ಓಡುವ ಸ್ಕ್ರಿಪ್ಟ್ ಭಾಷೆ ಗ್ರೂವಿಯ ಜಾರ್ (ಲೈಬ್ರರಿ ಫೈಲ್) ಸೇರಿಸಿ. ಒಂದು ಬೈಂಡಿಂಗ್ (ಸ್ಕ್ರಿಪ್ಟಿಗೆ ಸಿಗುವ ವೇರಿಯಬಲ್‌ಗಳ ಪೆಟ್ಟಿಗೆ) ಮಾಡಿ, ‘ಲಾಟ್ಸ್’ ಹೆಸರಿನಲ್ಲಿ ನಿಮ್ಮ ಅಡಿಕೆ ಲಾಟ್‌ಗಳ ಪಟ್ಟಿಯನ್ನು ಅದಕ್ಕೆ ಕೊಡಿ. ಆ ಬೈಂಡಿಂಗ್‌ನಿಂದ ಗ್ರೂವಿಶೆಲ್ (ಸ್ಕ್ರಿಪ್ಟ್ ಓಡಿಸುವ ಆಬ್ಜೆಕ್ಟ್) ತೆರೆಯಿರಿ. ಎಂಟರ್ ಒತ್ತಿದಾಗ ಬರೆದ ಸಾಲನ್ನು ಶೆಲ್‌ನ ಮೆಥಡ್ ಇವ್ಯಾಲ್ಯುಯೇಟ್‌ಗೆ ಕಳಿಸಿ, ಬಂದ ಉತ್ತರವನ್ನು ಕೆಳಗೆ ತೋರಿಸಿ.

ಶೆಲ್ ಒಂದೇ ಇರಲಿ, ಪ್ರತಿ ಸಾಲಿಗೂ ಹೊಸದು ಬೇಡ. ಇಲ್ಲೊಂದು ಸೂಕ್ಷ್ಮ ಇದೆ. ‘ಡೆಫ್ ದರ = 400’ ಎಂದು ಬರೆದರೆ ದರ ಆ ಸಾಲಿಗಷ್ಟೇ ಸೀಮಿತ, ಮುಂದಿನ ಸಾಲಿಗೆ ಸಿಗುವುದಿಲ್ಲ. ‘ಡೆಫ್’ ಬಿಟ್ಟು ಬರೆದರೆ ಬೈಂಡಿಂಗ್‌ನಲ್ಲಿ ಉಳಿಯುತ್ತದೆ. ಇದು ತಿಳಿಯದೆ ನಾನು ಒಂದು ಸಂಜೆ ಪೂರ್ತಿ ಒದ್ದಾಡಿದ್ದೆ.

ಸ್ಕ್ರಿಪ್ಟನ್ನು ಹಿನ್ನೆಲೆಯಲ್ಲಿ ಕೆಲಸ ಮಾಡಿಸುವ ಸ್ವಿಂಗ್‌ವರ್ಕರ್‌ನಲ್ಲಿ ಓಡಿಸಿ. ಇಲ್ಲದಿದ್ದರೆ ಉದ್ದದ ಲೂಪ್ ಬಂದಾಗ ಕಿಟಕಿಯೇ ಹೆಪ್ಪುಗಟ್ಟುತ್ತದೆ, ತೂಕದ ಹೊತ್ತಲ್ಲಿ ಎಲ್ಲರೂ ಸುಮ್ನೆ ಕಾಯಬೇಕು. ತಪ್ಪು ಬಂದರೆ ಅದರ ಸಂದೇಶ ಕೆಂಪಕ್ಷರದಲ್ಲಿ ಬರಲಿ.

ಈ ಕನ್ಸೋಲ್ ಫೈಲನ್ನೂ ಅಳಿಸಬಲ್ಲದು. ಮಾಲೀಕರ ಲಾಗಿನ್‌ಗೆ ಮಾತ್ರ ಕೊಡಿ.