ಅಜ್ಜನ ಮಳೆ ಪುಸ್ತಕದಲ್ಲಿ ಮಾರ್ಕೋವ್ ಚೈನ್

ಹಾಸನದಲ್ಲಿ ಎಂ.ಎಸ್ಸಿ. ಓದುವಾಗ ಸ್ಟೊಕ್ಯಾಸ್ಟಿಕ್ ಪ್ರೊಸೆಸ್ (ಆಕಸ್ಮಿಕವಾಗಿ ಬದಲಾಗುತ್ತಾ ಹೋಗುವ ಸಂಗತಿಗಳ ಗಣಿತ) ಪೇಪರ್ ಅಂದ್ರೆ ನನಗೆ ಸಂಕಟ. ಚಾಪ್ಮನ್-ಕೊಲ್ಮೊಗೊರೊವ್ ಸಮೀಕರಣವನ್ನು ನಿದ್ದೆಯಿಂದ ಎಬ್ಬಿಸಿ ಕೇಳಿದರೂ ಬರೆಯುತ್ತಿದ್ದೆ. ಅದು ಏನು ಹೇಳುತ್ತಿದೆ ಅಂದರೆ ಬಾಯಿ ಕಟ್ಟುತ್ತಿತ್ತು. ಮೊದಲ ಇಂಟರ್ನಲ್ಸ್‌ನಲ್ಲಿ ಅದಕ್ಕೆ ತಕ್ಕ ಅಂಕವೇ ಬಂತು.

ಆ ವಾರ ಸಕಲೇಶಪುರದ ಹತ್ತಿರದ ನಮ್ಮ ಮನೆಗೆ ಹೋದೆ. ಕಾಫಿ ತೋಟದ ಮನೆಗಳಲ್ಲಿ ಮಳೆ ಲೆಕ್ಕದ ಪುಸ್ತಕ ಇರುತ್ತದಲ್ವಾ, ಅಜ್ಜನದ್ದೂ ಒಂದಿದೆ. ದಿನಾ ಬೆಳಿಗ್ಗೆ ಅಳತೆ ನೋಡಿ ಇಂಚು, ಸೆಂಟ್ಸ್‌ನಲ್ಲಿ ಬರೆಯುತ್ತಾರೆ. ನೂರು ಸೆಂಟ್ಸ್ ಅಂದರೆ ಒಂದು ಇಂಚು. ಅದನ್ನು ತಿರುವುತ್ತಿದ್ದಾಗ ಮೇಷ್ಟ್ರು ಹೇಳಿದ್ದ ಕಥೆ ನೆನಪಾಯಿತು. 1913ರಲ್ಲಿ ರಷ್ಯಾದ ಗಣಿತಜ್ಞ ಮಾರ್ಕೋವ್, ಕವಿ ಪುಷ್ಕಿನ್ನನ ಕಾವ್ಯದ 20,000 ಅಕ್ಷರಗಳನ್ನು ಕೈಯಲ್ಲೇ ಎಣಿಸಿದ್ದ. ಸ್ವರ ಆದಮೇಲೆ ಇನ್ನೊಂದು ಸ್ವರ ಬಂದದ್ದು ನೂರಕ್ಕೆ ಸುಮಾರು 13 ಸಲ. ವ್ಯಂಜನ ಆದಮೇಲೆ ಸ್ವರ ಬಂದದ್ದು ಸುಮಾರು 66 ಸಲ. (ಕನ್ನಡದಲ್ಲಾಗಿದ್ದರೆ ಪಾಪ, ಕಾಗುಣಿತ, ಒತ್ತಕ್ಷರ ಎಲ್ಲ ಬಿಡಿಸಿಕೊಂಡು ಕೂರಬೇಕಿತ್ತು.) ಮುಂದಿನದು ಈಗಿನದನ್ನು ಮಾತ್ರ ನೆಚ್ಚಿಕೊಂಡಿರುವ ಸರಣಿಗೆ ಮಾರ್ಕೋವ್ ಚೈನ್ ಅನ್ನುತ್ತಾರೆ. ಅವನು ಅಕ್ಷರ ಎಣಿಸಿದ, ನಾನು ಮಳೆ ಎಣಿಸೋಣ ಅಂದುಕೊಂಡೆ.

ಹವಾಮಾನ ಇಲಾಖೆ 2.5 ಮಿಲಿಮೀಟರ್ ಅಥವಾ ಜಾಸ್ತಿ ಬಿದ್ದರೆ ಮಾತ್ರ ಮಳೆ ದಿನ ಅನ್ನುತ್ತದೆ. ಅಜ್ಜನ ಲೆಕ್ಕದಲ್ಲಿ ಅದು ಹತ್ತಿರ ಹತ್ತಿರ 10 ಸೆಂಟ್ಸ್. ಹತ್ತು ಅಥವಾ ಜಾಸ್ತಿ ಇದ್ದರೆ ಮಳೆ ಅಂತ ‘ಮ’, ಉಳಿದದ್ದಕ್ಕೆ ಒಣ ಅಂತ ‘ಒ’. ಆಮೇಲೆ ಮಮ, ಮಒ, ಒಮ, ಒಒ ಎಷ್ಟೆಷ್ಟು ಅಂತ ಒಂದು ಕೋಷ್ಟಕದಲ್ಲಿ, ಸಾಲು ಇವತ್ತಿಗೆ, ಕಾಲಮ್ ನಾಳೆಗೆ ಅಂತ ಇಟ್ಟುಕೊಂಡು, ಗೀಟು ಹಾಕುತ್ತಾ ಹೋದೆ.

ಮೊದಲ ಸಲವೇ ಎಡವಟ್ಟು. ಸಾಲಿನ ಮೊತ್ತದಿಂದ ಭಾಗಿಸುವ ಬದಲು ಕಾಲಮ್ ಮೊತ್ತದಿಂದ ಭಾಗಿಸಿದ್ದೆ. ಸಾಲು ಕೂಡಿದರೆ ಒಂದು ಬರಲಿಲ್ಲ. ನಾನು ಕಂಡುಹಿಡಿದದ್ದು ‘ಇವತ್ತು ಮಳೆ ಬಂದಿದೆ, ನಿನ್ನೆ ಬಂದಿತ್ತಾ?’ ಅನ್ನೋದಕ್ಕೆ ಉತ್ತರ. ಬೇಕಿದ್ದದ್ದು ನಾಳೆಯದು. ಷರತ್ತಿನ ಸಂಭವನೀಯತೆ ಪಿಯುಸಿಯಿಂದ ಓದಿದ್ದೆ. ತಲೆಗೆ ಹೋದದ್ದು ಅವತ್ತು.

ಲೆಕ್ಕ ಸುಲಭವಾಗಲಿ ಅಂತ ದುಂಡು ಸಂಖ್ಯೆ ಇಟ್ಟುಕೊಳ್ಳೋಣ. ಮಳೆ ದಿನದ ಮಾರನೆಗೆ ಮಳೆ ಬರುವ ಸಂಭವನೀಯತೆ 0.8, ಒಣ ದಿನದ ಮಾರನೆಗೆ 0.3. ನಾಡಿದ್ದು ಮಳೆ ಬರಬೇಕಾದರೆ ಎರಡು ದಾರಿ: ನಾಳೆಯೂ ಬರುವುದು, ಇಲ್ಲವೇ ನಾಳೆ ಬಿಟ್ಟು ನಾಡಿದ್ದು ಬರುವುದು. ಇವತ್ತು ಮಳೆಯಾದರೆ 0.8×0.8 ಮತ್ತು 0.2×0.3, ಕೂಡಿದರೆ 0.70. ಚಾಪ್ಮನ್-ಕೊಲ್ಮೊಗೊರೊವ್ ಅಂದರೆ ಇಷ್ಟೇ, ಮಧ್ಯದ ದಿನದ ಎಲ್ಲ ದಾರಿ ಕೂಡುವುದು! ಸುಮ್ನೆ ಹೆದರಿದ್ದೆ. ಈ ಸಂಭವನೀಯತೆಗಳ ಕೋಷ್ಟಕವನ್ನು, ಅಂದರೆ ಮ್ಯಾಟ್ರಿಕ್ಸನ್ನು, ಅದರಿಂದಲೇ ಗುಣಿಸುತ್ತಾ ಎಂಟನೇ ದಿನಕ್ಕೆ ಹೋದರೆ ಇವತ್ತು ಮಳೆಯಾಗಿದ್ದರೆ 0.602, ಒಣಗಿದ್ದರೆ 0.598. ಎರಡೂ 0.6ರ ಕಡೆಗೇ ಬಂದು ಕೂರುತ್ತವೆ. ಸ್ಟೇಷನರಿ ಡಿಸ್ಟ್ರಿಬ್ಯೂಷನ್ ಅಂತ ಬೋರ್ಡ್ ಮೇಲೆ ಬರೆದಿದ್ದು ಇದನ್ನೇ.

ನಿಜವಾದ ಪಾಠ ಇನ್ನೂ ಬಾಕಿ ಇತ್ತು. ಇವತ್ತಿನದು ಗೊತ್ತಿದ್ದರೆ ನಿನ್ನೆಯದು ಬೇಡ, ಅದು ಮಾರ್ಕೋವ್ ಗುಣ. ಪರೀಕ್ಷಿಸಿದೆ. ‘ಮಮ’ ಆದಮೇಲೆ ಮಳೆ ಎಷ್ಟು ಸಲ, ‘ಒಮ’ ಆದಮೇಲೆ ಎಷ್ಟು ಸಲ? ಎರಡೂ ಹತ್ತಿರ ಇರಬೇಕಿತ್ತು, ಇರಲಿಲ್ಲ. ಎರಡು ದಿನ ತಲೆ ಕೆರೆದುಕೊಂಡ ಮೇಲೆ ಹೊಳೆಯಿತು. ನಾನು ಇಡೀ ವರ್ಷವನ್ನು ಒಂದೇ ಚೈನ್ ಮಾಡಿದ್ದೆ. ನಮ್ಮಲ್ಲಿ ಜುಲೈ ಮಳೆ ಬೇರೆ, ಕಾಫಿ ಹೂ ಬಿಡಿಸುವ ಮಾರ್ಚಿನ ಹೂಮಳೆ ಬೇರೆ. ಸತತ ಎರಡು ದಿನ ಮಳೆ ಅಂದರೆ ಅದು ಬಹುಶಃ ಜುಲೈ, ಹಾಗಾಗಿ ಮೂರನೇ ದಿನವೂ ಮಳೆ. ನಿನ್ನೆಯ ದಿನ ನನಗೆ ಹೇಳುತ್ತಿದ್ದದ್ದು ತಿಂಗಳನ್ನು! ಜೂನ್‌ನಿಂದ ಆಗಸ್ಟ್ ಬೇರೆ, ಮಾರ್ಚ್-ಏಪ್ರಿಲ್ ಬೇರೆ ಮಾಡಿದೆ. ಅಂತರ ಬಹಳ ಕಡಿಮೆಯಾಯಿತು. ಪೂರ್ತಿ ಹೋಗಲಿಲ್ಲ ಅನ್ನಿ.

 

ಕೊನೆಗೆ ಹಾಳೆಗಳನ್ನು ಅಜ್ಜನಿಗೆ ತೋರಿಸಿದೆ. ಅವರು ಅಂಕಿಗಳನ್ನು ಬಿಟ್ಟು ‘ಒ’ಗಳನ್ನೇ ನೋಡುತ್ತಾ ಕೂತರು. “ಇಲ್ಲಿ ಒಣ ಅಂತ ಯಾಕೆ ಹಾಕಿದ್ದೀಯ?” ಆ ಜಾಗ ಪುಸ್ತಕದಲ್ಲಿ ಖಾಲಿ ಇತ್ತು ಅಂದೆ. “ಮಳೆ ಇಲ್ಲದಿದ್ದರೆ ಸೊನ್ನೆ ಹಾಕ್ತೀನಿ. ಖಾಲಿ ಬಿಟ್ಟಿದ್ದೀನಿ ಅಂದ್ರೆ ನಾನು ಊರಲ್ಲಿರಲಿಲ್ಲ.”

ಖಾಲಿ ದಿನಗಳನ್ನೂ ಅವುಗಳ ಮಾರನೆಯ ಅಳತೆಯನ್ನೂ (ಅದರಲ್ಲಿ ಖಾಲಿ ದಿನದ ಮಳೆಯೂ ಸೇರಿರಬಹುದಲ್ಲ) ಕೈಬಿಟ್ಟು, ಜೂನ್ ಒಂದರಿಂದ ಮತ್ತೆ ಗೀಟು ಹಾಕತೊಡಗಿದೆ.