ಮಳೆಗಾಲಕ್ಕೊಂದು, ಅಡಿಕೆ ಸುಲಿಯುವಾಗೊಂದು: ಮನೆಮಂದಿಗೆ ಸಿನಿಮಾ ಆರಿಸೋದು ಹೇಗೆ

ನಾನಿರೋದು ಶಿವಮೊಗ್ಗದಲ್ಲಿ, ಮೂಲ ಮನೆ ತೀರ್ಥಹಳ್ಳಿ ಕಡೆ. ಶನಿವಾರ ನಾನು ಬಸ್ಸು ಹತ್ತುವ ಮೊದಲೇ ದೊಡ್ಡಮ್ಮನ ಫೋನು ಬರುತ್ತದೆ. "ಬರುವಾಗ ಒಂದು ಸಿನಿಮಾ ಹಾಕ್ಕೊಂಡು ಬಾ ಮಾರಾಯಾ, ಹೊಡೆದಾಟದ್ದು ಬೇಡ." ಹೊಡೆದಾಟ ಬೇಡ ಅಂದರೆ ನನ್ನ ಲೆಕ್ಕದಲ್ಲಿ ಉಳಿಯೋದು ಎರಡೇ ಜಾತಿ. ಒಂದು, ಹುಡುಗನೋ ಹುಡುಗಿಯೋ ಬೆಳೆದು ದೊಡ್ಡವರಾಗುವ ಕಥೆ. ಇನ್ನೊಂದು, ಸುಮ್ನೆ ನಗಿಸುವ ಕಥೆ. ಈ ಎರಡನ್ನೂ ಆ ಮನೆಯ ಜಗಲಿಯಲ್ಲಿ ಹಾಕಿ ಹಾಕಿ, ಬೈಸಿಕೊಂಡು, ಕೆಲವನ್ನು ಅರ್ಧಕ್ಕೆ ನಿಲ್ಲಿಸಿ ಒಂದಷ್ಟು ಕಲಿತಿದ್ದೇನೆ. ಅದನ್ನು ಇಲ್ಲಿ ಹೇಳುತ್ತೇನೆ. ಸ್ಟಾರ್ ಎಷ್ಟು ಕೊಡಬೇಕು ಅಂತ ಮಾತ್ರ ಕೇಳಬೇಡಿ, ಅದು ನನಗೆ ಬರಲ್ಲ.

ಮೊದಲು ಹೊರಗೆ ನೋಡಿ

ತಮಾಷೆ ಮಾಡುತ್ತಿಲ್ಲ. ಮಳೆಗಾಲದಲ್ಲಿ ತಗಡಿನ ಮಾಡಿನ ಮೇಲೆ ನೀರು ಸುರಿಯುವಾಗ ಪಕ್ಕದಲ್ಲಿ ಕೂತವರ ಮಾತೇ ಕೇಳಲ್ಲ, ಇನ್ನು ಟೀವಿಯ ಡೈಲಾಗ್ ಎಲ್ಲಿಂದ ಕೇಳಬೇಕು? ಅಡಿಕೆ ಕೊಯ್ಲು ಶುರುವಾದರೆ ಎಲ್ಲಾ ಉಲ್ಟಾ. ರಾತ್ರಿ ಹತ್ತು ಹನ್ನೊಂದರವರೆಗೂ ಎಲ್ಲರೂ ಮೆಟ್ಟುಗತ್ತಿ ಮುಂದೆ ಕೂತು ಹಸಿ ಅಡಿಕೆ ಸುಲಿಯುತ್ತಿರುತ್ತಾರೆ. ಕಿವಿಗೆ ಬಿಡುವಿದೆ, ಕಣ್ಣಿಗಿಲ್ಲ. ಕತ್ತಿಯಿಂದ ಕಣ್ಣು ತೆಗೆದರೆ ಬೆರಳು ಹೋಗುತ್ತದೆ.

ಹಾಗಾಗಿ ಮಳೆಗಾಲಕ್ಕೆ ಕಣ್ಣಲ್ಲಿ ನೋಡುವ ಸಿನಿಮಾ, ಸುಲಿಯುವ ಕಾಲಕ್ಕೆ ಕಿವಿಯಲ್ಲಿ ನೋಡುವ ಸಿನಿಮಾ ಅಂತ ಮಾಡಿಕೊಂಡೆ. ಮೊದಲು ಇದು ಬರೀ ಅನುಕೂಲದ ಲೆಕ್ಕ ಆಗಿತ್ತು. ಎರಡು ಮೂರು ವರ್ಷ ಕಳೆದ ಮೇಲೆ ಗೊತ್ತಾಯಿತು, ಸಿನಿಮಾದ ಬಂಡವಾಳವೂ ಇದರಲ್ಲೇ ಹೊರಗೆ ಬೀಳುತ್ತದೆ. ಬೆಳೆಯುವ ಕಥೆಯಲ್ಲಿ ಮುಖ್ಯವಾದದ್ದು ಮಾತಿನಲ್ಲಿ ಇರಲ್ಲ. ಹದಿನಾಲ್ಕರ ಹುಡುಗನನ್ನು ಏನಾಯ್ತೋ ಅಂತ ಕೇಳಿ ನೋಡಿ, "ಎಂತದೂ ಇಲ್ಲ" ಅನ್ನುತ್ತಾನೆ. ಒಳಗೆ ಏನಾಗುತ್ತಿದೆ ಅಂತ ಹೇಳಲು ಬರುವಷ್ಟು ಹೊತ್ತಿಗೆ ಅವನು ಬೆಳೆದು ಮುಗಿದಿರುತ್ತಾನೆ. ನಗೆಯ ಸಿನಿಮಾ ಹಾಗಲ್ಲ. ಅದು ನಿಂತಿರೋದೇ ಮಾತು ಯಾವಾಗ ಬಿತ್ತು, ಎಷ್ಟು ಹೊತ್ತು ಬೀಳಲಿಲ್ಲ ಅನ್ನೋದರ ಮೇಲೆ.

ಮಳೆಗಾಲದ ಪರೀಕ್ಷೆ

ಬೆಳೆಯುವ ಕಥೆ ಹಾಕುವ ಮೊದಲು ನೀವೊಬ್ಬರೇ ಕೂತು ನಡುವಿನ ಒಂದು ಹತ್ತು ನಿಮಿಷ ಸೌಂಡ್ ತೆಗೆದು ನೋಡಿ. ಆ ಮಗುವಿಗೆ ಈಗ ಏನೋ ಆಯಿತು ಅಂತ ಮುಖ ನೋಡಿ ಗೊತ್ತಾದರೆ ಧೈರ್ಯವಾಗಿ ತೆಗೆದುಕೊಂಡು ಹೋಗಿ.

ಇದಕ್ಕೆ ನನ್ನ ಅಳತೆಗೋಲು ಹಳೆಯದು, ಮತ್ತು ನಮ್ಮ ತಾಲ್ಲೂಕಿನದ್ದೇ. 1977ರ ಘಟಶ್ರಾದ್ಧ. ಮೇಳಿಗೆಯ ಅನಂತಮೂರ್ತಿ ಅವರ ಕಥೆ, ಕೆಸಲೂರಿನ ಗಿರೀಶ್ ಕಾಸರವಳ್ಳಿ ಅವರ ಮೊದಲ ಚಿತ್ರ, ಆ ವರ್ಷದ ಅತ್ಯುತ್ತಮ ಚಿತ್ರಕ್ಕೆ ಕೊಡುವ ಸ್ವರ್ಣಕಮಲ ಇದಕ್ಕೇ. ಶಾಲೆಯಲ್ಲಿ ಇದನ್ನು ವಿಧವೆಯ ಕಷ್ಟದ ಸಿನಿಮಾ ಅಂತ ಹೇಳಿಕೊಟ್ಟಿದ್ದರು. ಹೌದು, ಅದೂ ನಿಜ. ಆದರೆ ಅದನ್ನು ನಾವು ನೋಡೋದು ವೇದ ಕಲಿಯಲು ಬಂದ ಪುಟ್ಟ ನಾಣಿಯ ಕಣ್ಣಲ್ಲಿ. ಆ ವಿಧವೆ ಯಮುನಕ್ಕನಿಗೆ ದೊಡ್ಡವರು ಏನು ಮಾಡುತ್ತಿದ್ದಾರೆ ಅಂತ ಅವನಿಗೆ ಅರ್ಧ ಗೊತ್ತು, ಅರ್ಧ ಗೊತ್ತಿಲ್ಲ. ಆ ಗೊತ್ತಿಲ್ಲದ ಅರ್ಧವೇ ಸಿನಿಮಾ. ಕೊನೆಯಲ್ಲಿ ತಲೆ ಬೋಳಿಸಿ ಕೂರಿಸಿದ ಯಮುನಕ್ಕನನ್ನು ಅವನು ನೋಡುವಾಗ ಡೈಲಾಗ್ ಬೇಕಾಗಿಲ್ಲ. 2024ರಲ್ಲಿ ಇದರ ಸರಿಪಡಿಸಿದ ಪ್ರತಿ ವೆನಿಸ್ ಚಿತ್ರೋತ್ಸವದಲ್ಲಿ ಪ್ರದರ್ಶನವಾಯಿತು. ದೊಡ್ಡಮ್ಮನಿಗೆ ಅದನ್ನು ಹೇಳಿದರೆ, "ಅಲ್ಲಿಯವರಿಗೆ ನಮ್ಮ ಯಮುನಕ್ಕ ಎಂತ ಗೊತ್ತು" ಅಂದರು.

ಇತ್ತೀಚಿನವುಗಳಲ್ಲಿ ಈ ಪರೀಕ್ಷೆ ಸಲೀಸಾಗಿ ಪಾಸಾಗೋದು ಸುಮಂತ್ ಭಟ್ ಅವರ ಮಿಥ್ಯ, 2025ರಲ್ಲಿ ಥಿಯೇಟರಿಗೆ ಬಂತು. ಅಪ್ಪ ಅಮ್ಮನನ್ನು ಕಳೆದುಕೊಂಡ ಹನ್ನೊಂದು ವರ್ಷದ ಹುಡುಗ ಮುಂಬೈ ಬಿಟ್ಟು ಉಡುಪಿಯಲ್ಲಿ ನೆಂಟರ ಮನೆಗೆ ಬರುತ್ತಾನೆ. ಅವನು ಅಳಲ್ಲ. ನಾವು ಕಾಯುತ್ತೇವೆ, ಈಗ ಅಳ್ತಾನೆ, ಈಗ ಅಳ್ತಾನೆ ಅಂತ. ಹೊರಗೆ ಜಡಿಮಳೆ ಹೊಡೆಯುತ್ತಿದ್ದರೂ ಈ ಸಿನಿಮಾಕ್ಕೆ ಅರ್ಧ ಅಂಕವೂ ಕಡಿಮೆಯಾಗಲ್ಲ. ಇದಕ್ಕೆ ಹಲಸಿನ ಹಪ್ಪಳ ಮಾತ್ರ ಕೊಡಬೇಡಿ. ಎಂಟು ಜನ ಒಟ್ಟಿಗೆ ಕಡಿದರೆ ಮಳೆಗಿಂತ ಜಾಸ್ತಿ ಸದ್ದು.

ಈಗ ಬೈಸಿಕೊಳ್ಳುವ ಮಾತು. 2018ರ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ ಕಾಸರಗೋಡು ನನಗೆ ಇಷ್ಟ. ಮಕ್ಕಳ ಚಿತ್ರ ಅಂತ ರಾಷ್ಟ್ರಪ್ರಶಸ್ತಿಯೂ ಬಂದಿದೆ. ಮೊದಲ ಅರ್ಧದಲ್ಲಿ ಆ ಹುಡುಗರ ಪೋಕರಿತನ, ಮಲಯಾಳಂ ಬಿಟ್ಟು ಬೇರೇನೂ ಬರದ ಗಣಿತ ಮೇಷ್ಟ್ರು, ಎಲ್ಲವೂ ಸೌಂಡ್ ಇಲ್ಲದೆಯೂ ನಡೆಯುತ್ತದೆ. ಆದರೆ ಕೋರ್ಟಿನ ಭಾಗಕ್ಕೆ ಬಂದಾಗ ಸೌಂಡ್ ತೆಗೆಯಿರಿ. ಅನಂತ್ ನಾಗ್ ಬಾಯಿ ಆಡುತ್ತಿರುತ್ತದೆ, ಮಕ್ಕಳು ಹಿಂದೆ ಸುಮ್ಮನೆ ಕೂತಿರುತ್ತಾರೆ. ಅವರ ಕಥೆಯನ್ನು ದೊಡ್ಡವರೊಬ್ಬರು ಬಂದು ಮುಗಿಸಿಕೊಟ್ಟರು ಅನ್ನಿಸುತ್ತದೆ. ಅನಂತ್ ನಾಗ್ ಮಾತು ಕೇಳಲು ಎರಡು ಕಿವಿ ಸಾಲದು, ಅದು ಬೇರೆ ವಿಷಯ. ಅಪ್ಪಯ್ಯನಿಗೆ ಆ ಭಾಗವೇ ಇಷ್ಟ, ನನಗೂ ಅವರಿಗೂ ಈ ಜಗಳ ಇನ್ನೂ ಮುಗಿದಿಲ್ಲ.

ಸುಲಿಯುವಾಗಿನ ಪರೀಕ್ಷೆ

ನಗೆ ಸಿನಿಮಾಕ್ಕೆ ಇದರ ಉಲ್ಟಾ ಮಾಡಿ. ಹಾಕಿ, ಬೆನ್ನು ತಿರುಗಿಸಿ ಕೂರಿ, ಪಾತ್ರೆ ತೊಳೆಯಿರಿ. ನಿಮಗೆ ನಗು ಬರುತ್ತದೋ ನೋಡಿ. ಹಿನ್ನೆಲೆಯಲ್ಲಿ ಟುಯ್ಯಂಯ್ ಅಂತ ಸದ್ದು ಬಂದಾಗ ಮಾತ್ರ ಇದು ಜೋಕು ಅಂತ ಗೊತ್ತಾಗುತ್ತಿದ್ದರೆ ಬಿಟ್ಟುಬಿಡಿ.

ಕಳೆದ ಕೊಯ್ಲಿನಲ್ಲಿ ಸು ಫ್ರಮ್ ಸೋ ಹಾಕಿದ್ದೆ. ಜೆ.ಪಿ. ತುಮಿನಾಡು ನಿರ್ದೇಶಿಸಿ ನಟಿಸಿದ್ದು, 2025ರ ಜುಲೈನಲ್ಲಿ ಬಂದು ಊರೆಲ್ಲಾ ಮಾತಾದದ್ದು. ಹುಡುಗನೊಬ್ಬನ ಮೈಮೇಲೆ ದೆವ್ವ ಬಂದಿದೆ ಅಂತ ಕರಾವಳಿಯ ಒಂದು ಹಳ್ಳಿ ಪೂರ್ತಿ ತಲೆಕೆಡಿಸಿಕೊಳ್ಳುವ ಕಥೆ. ಸುಲಿಯುತ್ತಿದ್ದವರು ಪರದೆ ನೋಡಿದ್ದು ಕಡಿಮೆ, ನಕ್ಕಿದ್ದು ಜಾಸ್ತಿ. ಆ ಕಡೆಯ ಕನ್ನಡದ ರಾಗ ನಮಗೆ ಪರಕೀಯ ಅಲ್ಲ, ಆಗುಂಬೆ ಘಾಟಿ ಇಳಿದರೆ ಅದೇ ತಾನೇ. ಒಬ್ಬರ ಮಾತು ಮುಗಿಯುವ ಮೊದಲೇ ಇನ್ನೊಬ್ಬರು ಬಾಯಿ ಹಾಕುತ್ತಾರೆ, ನಮ್ಮ ಮನೆಯ ಶ್ರಾದ್ಧದ ಊಟದ ಹಾಗೆ. ಕೊನೆಗೆ ಬರುವಷ್ಟರಲ್ಲಿ ನಗು ಒಬ್ಬ ಹೆಣ್ಣುಮಗಳ ಕಷ್ಟದ ಕಡೆ ತಿರುಗುತ್ತದೆ. ಆಗ ಮೆಟ್ಟುಗತ್ತಿಗಳು ಒಂದೊಂದಾಗಿ ನಿಂತವು.

ಈ ಪರೀಕ್ಷೆಯಲ್ಲಿ ಫೇಲಾದದ್ದು ಹಾಸ್ಟೆಲ್ ಹುಡುಗರು ಬೇಕಾಗಿದ್ದಾರೆ, 2023ರದ್ದು. ಒಂದೇ ರಾತ್ರಿಯ ಗಲಾಟೆ, ವಾರ್ಡನ್ ಸತ್ತು ಬಿದ್ದಿದ್ದಾನೆ, ಹುಡುಗರ ಜೊತೆ ಕ್ಯಾಮೆರಾವೂ ಓಡುತ್ತದೆ. ಕಣ್ಣಿಟ್ಟು ನೋಡದವರಿಗೆ ಬರೀ ಕೂಗಾಟ. "ಎಂತದಾ ಇದು, ತೆಗಿ ಮಾರಾಯಾ" ಅಂತ ಅತ್ತೆ ಹದಿನೈದೇ ನಿಮಿಷಕ್ಕೆ ನಿಲ್ಲಿಸಿದರು. ಅದೇ ಸಿನಿಮಾವನ್ನು ಶಿವಮೊಗ್ಗದ ರೂಮಿನಲ್ಲಿ ನಾಲ್ಕು ಜನ ಗೆಳೆಯರು ಕೂತು ನೋಡಿದಾಗ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದೇವೆ. ಅಂದರೆ ಪರೀಕ್ಷೆಯಲ್ಲಿ ಬಿದ್ದದ್ದೆಲ್ಲಾ ಕೆಟ್ಟ ಸಿನಿಮಾ ಅಲ್ಲ. ನಾನು ಜನ ತಪ್ಪಿ ಹಾಕಿದೆ ಅಷ್ಟೇ.

ಮಲಯಾಳಂದು ಈ ಸಮಯಕ್ಕೆ ಬೇಡ. ಗಿರೀಶ್ ಎ.ಡಿ. ಅವರ ತಣ್ಣೀರ್ ಮತ್ತನ್ ದಿನಂಗಳ್, ಪ್ರೇಮಲು ಎರಡೂ ಬಲು ಚೆಂದ, ಆದರೆ ಸಬ್‌ಟೈಟಲ್ ಓದುತ್ತಾ ಅಡಿಕೆ ಸುಲಿಯೋದು ಆಗದ ಮಾತು.

ಯಾರು ನಗುತ್ತಿಲ್ಲ ನೋಡಿ

ಇದು ನನಗೆ ತಡವಾಗಿ ಬಂದ ಬುದ್ಧಿ. ಜಗಲಿಯಲ್ಲಿ ನಾವಷ್ಟೇ ಇರಲ್ಲ, ಸುಲಿಯಲು ಬಂದ ಅಕ್ಕಂದಿರು ಇರುತ್ತಾರೆ, ದೂರದ ಊರಿಂದ ಕೆಲಸಕ್ಕೆ ಬಂದವರು ಇರುತ್ತಾರೆ. ಒಂದು ಸಲ ಯಾವುದೋ ಸಿನಿಮಾದಲ್ಲಿ ಮನೆಕೆಲಸದವಳ ಮೈಬಣ್ಣದ ಮೇಲೆ ಜೋಕು ಬಂತು. ನಾವೆಲ್ಲಾ ನಕ್ಕೆವು. ಎದುರಿಗೆ ಕೂತಿದ್ದ ಅಕ್ಕ ತಲೆ ಎತ್ತಲಿಲ್ಲ, ಅಡಿಕೆ ಮಾತ್ರ ಬೇಗ ಬೇಗ ಬುಟ್ಟಿಗೆ ಬೀಳಲು ಶುರುವಾಯಿತು. ಅವತ್ತಿಂದ ಹಾಕುವ ಮೊದಲು ಇದನ್ನು ಒಮ್ಮೆ ನೋಡಿಕೊಳ್ಳುತ್ತೇನೆ: ಇದರಲ್ಲಿ ನಗೆಗೆ ಸಿಕ್ಕಿಬೀಳುವವರು ಯಾರು, ಅವರಂಥವರು ಜಗಲಿಯಲ್ಲಿ ಇದ್ದಾರಾ.

ಹಾಗಂತ ಯಾರನ್ನೂ ಮುಟ್ಟದ ನಗೆ ಸಪ್ಪೆ. 2017ರ ಒಂದು ಮೊಟ್ಟೆಯ ಕಥೆಯಲ್ಲಿ ಬೋಳುತಲೆಯ ಲೆಕ್ಚರರ್‌ಗೆ ಹೆಣ್ಣು ಸಿಗಲ್ಲ, ನಾವು ನಗುತ್ತೇವೆ. ಆಮೇಲೆ ನೋಡಿದರೆ ಅವನೂ ಹೆಣ್ಣಿನ ರೂಪ ನೋಡಿಯೇ ಮೂಗು ಮುರಿಯುವವನು. ನಗು ತಿರುಗಿ ಅವನ ಮೇಲೂ ನಮ್ಮ ಮೇಲೂ ಬೀಳುತ್ತದೆ. ಇದನ್ನು ಭಾವನ ಮುಂದೆಯೇ ಹಾಕಿದ್ದೆ. ಅವರ ತಲೆಯೂ ಹಾಗೇ. ಎಲ್ಲರಿಗಿಂತ ಜೋರಾಗಿ ನಕ್ಕವರು ಅವರೇ.

ಹುಡುಗಿ ಎಲ್ಲಿದ್ದಾಳೆ ಅಂತ ಕೇಳಿ

ಬೆಳೆಯುವ ಕಥೆ ಅಂದರೆ ಹುಡುಗ ಬೆಳೆಯುವ ಕಥೆ ಅಂತಲೇ ನಮ್ಮಲ್ಲಿ ಲೆಕ್ಕ. ಕಿರಿಕ್ ಪಾರ್ಟಿ 2016ರ ಕೊನೆಗೆ ಬಂದಾಗ ನಾನೂ ಎರಡು ಸಲ ನೋಡಿದೆ, ಹಾಡು ಬಾಯಿಪಾಠ. ಈಗ ನೋಡಿದರೆ ಬೇರೆ ಕಾಣುತ್ತದೆ. ಒಬ್ಬಳು ಸಾಯುತ್ತಾಳೆ, ಇವನು ಗಂಭೀರವಾಗುತ್ತಾನೆ. ಇನ್ನೊಬ್ಬಳು ಬರುತ್ತಾಳೆ, ಇವನು ಸರಿಯಾಗುತ್ತಾನೆ. ಅವರಿಬ್ಬರಿಗೆ ಏನು ಬೇಕಿತ್ತು? ಪಿಯುಸಿ ಓದುವ ತಂಗಿ ಈ ಪ್ರಶ್ನೆ ಕೇಳಿದಾಗ ನನ್ನ ಹತ್ತಿರ ಉತ್ತರ ಇರಲಿಲ್ಲ.

ಅವಳಿಗೆ ಎರಡು ಹೇಳಿದೆ. ಒಂದು ಆಚಾರ್ & ಕೋ, 2023ರದ್ದು. ಸಿಂಧು ಶ್ರೀನಿವಾಸಮೂರ್ತಿ ನಿರ್ದೇಶಿಸಿ, ಮುಖ್ಯ ಪಾತ್ರವನ್ನೂ ಮಾಡಿದ್ದಾರೆ. ಹಳೆಯ ಬೆಂಗಳೂರು, ಮನೆ ತುಂಬ ಮಕ್ಕಳು, ಮದುವೆಯೇ ಗುರಿ ಅಂದುಕೊಂಡ ಹುಡುಗಿ ಉಪ್ಪಿನಕಾಯಿ ಹಿಡಿದು ತನ್ನ ಕಾಲ ಮೇಲೆ ನಿಲ್ಲುತ್ತಾಳೆ. ನಗುವೂ ಇದೆ, ಬೆಳೆಯೋದೂ ಇದೆ, ಸುಲಿಯುವಾಗಲೂ ನಡೆಯುತ್ತದೆ. ಅಪ್ಪೆಮಿಡಿ ತಿಂದು ಬೆಳೆದವರಿಗೆ ಉಪ್ಪಿನಕಾಯಿಯ ಬಗ್ಗೆ ಒಂದೆರಡು ತಕರಾರು ಬರಬಹುದು, ನಮ್ಮ ಅತ್ತೆಗೆ ಬಂತು. ಇನ್ನೊಂದು ಅಮೆರಿಕದ ಲೇಡಿ ಬರ್ಡ್, 2017. ಅದರಲ್ಲಿ ಅಮ್ಮ ಮಗಳು ಬಟ್ಟೆ ಅಂಗಡಿಯಲ್ಲಿ ಕಚ್ಚಾಡುತ್ತಿರುತ್ತಾರೆ. ಅಷ್ಟರಲ್ಲಿ ಅಮ್ಮ ಒಂದು ಗೌನು ಎತ್ತಿ ತೋರಿಸುತ್ತಾಳೆ, ಇಬ್ಬರೂ ಜಗಳವನ್ನೇ ಮರೆತು ಖುಷಿಪಡುತ್ತಾರೆ. ತಂಗಿ ಇಲ್ಲಿ ನಿಲ್ಲಿಸಿ, "ಅಣ್ಣಾ, ಇದು ಗಾಂಧಿ ಬಜಾರಲ್ಲಿ ನಾನೂ ಅಮ್ಮನೂ" ಅಂದಳು. ನನ್ನ ಪ್ರಕಾರ ಆ ಸಿನಿಮಾಕ್ಕೆ ಅಷ್ಟು ವಿಮರ್ಶೆ ಸಾಕು.

ಮುಗಿದ ಕೂಡಲೇ "ಹೇಗಿತ್ತು" ಅನ್ನಬೇಡಿ

ಕೇಳಿದರೆ "ಅಡ್ಡಿಲ್ಲ" ಅನ್ನುತ್ತಾರೆ, ಮಾತು ಅಲ್ಲಿಗೆ ಮುಗಿಯಿತು. ಮರುದಿನ ಬೆಳಿಗ್ಗೆ ದೋಸೆ ತಿನ್ನುವಾಗ "ಯಾವುದು ನೆನಪಿದೆ" ಅಂತ ಕೇಳಿ. ಡೇರ್‌ಡೆವಿಲ್ ಮುಸ್ತಾಫಾ ನೋಡಿದ ಮರುದಿನ ಅಕ್ಕನ ಮಗ ಕ್ರಿಕೆಟ್ ಪಂದ್ಯ ಅಂದ. ಅಪ್ಪಯ್ಯ ತೇಜಸ್ವಿಯವರ ಕಥೆಯನ್ನು ಓದಿದವರು, ಮುಸ್ತಾಫಾ ಮೊದಲ ಸಲ ಕ್ಲಾಸಿಗೆ ಬಂದಾಗ ಉಳಿದವರ ಮುಖ ಹೇಗಾಯಿತು ಅಂತ ಹೇಳಿದರು. ಮಾತಾಡದೇ ಇರುವವರೂ ಇರುತ್ತಾರೆ, ಅವರನ್ನು ಕೆದಕಬೇಡಿ. ಸಿನಿಮಾ ನೋಡಿ ಕೂತು ಮಾತಾಡೋದು ನಮ್ಮ ಜಿಲ್ಲೆಗೆ ಹೊಸದೂ ಅಲ್ಲ, ಹೆಗ್ಗೋಡಿನಲ್ಲಿ ನೀನಾಸಂನವರು ಹಳ್ಳಿಯವರನ್ನು ಕೂರಿಸಿ ಪ್ರಪಂಚದ ಸಿನಿಮಾ ತೋರಿಸಿದ್ದು ನಾನು ಹುಟ್ಟುವುದಕ್ಕಿಂತ ಮೊದಲು.

ಉಳಿದದ್ದು ಸಣ್ಣಪುಟ್ಟದ್ದು. ಸಿನಿಮಾ ಯಾವ ಒಟಿಟಿಯಲ್ಲಿದೆ ಅಂತ ಹೊರಡುವ ದಿನವೇ ನೋಡಿ, ಹೋದ ತಿಂಗಳು ಇದ್ದದ್ದು ಈ ತಿಂಗಳು ಇರಲ್ಲ. ಪೇಟೆಯಲ್ಲೇ ಮೊಬೈಲಿಗೆ ಡೌನ್‌ಲೋಡ್ ಮಾಡಿಕೊಳ್ಳಿ, ಊರಲ್ಲಿ ನೆಟ್‌ವರ್ಕ್ ಸಿಗೋದು ತೋಟದ ದಣಪೆ, ಅಂದರೆ ಬೇಲಿಯ ಬಾಗಿಲ ಹತ್ತಿರ ಮಾತ್ರ. ಅಲ್ಲಿ ನಿಂತು ಡೌನ್‌ಲೋಡ್ ಮಾಡಲು ಹೋದರೆ ಸಿನಿಮಾಕ್ಕಿಂತ ಮೊದಲು ಉಂಬಳ (ಜಿಗಣೆ) ಹತ್ತುತ್ತದೆ. ಟೀವಿಗೆ ಹಾಕುವ ಕೇಬಲ್ ಮರೆಯಬೇಡಿ.

ಕರೆಂಟು ಹೋದರೆ ಏನು ಮಾಡೋದು ಅಂತ ಮಾತ್ರ ನನಗೆ ಗೊತ್ತಿಲ್ಲ. ಕಳೆದ ಮಳೆಗಾಲ ಮಿಥ್ಯ ಮುಗಿಯಲು ಇನ್ನೂ ಅರ್ಧ ಗಂಟೆ ಇರುವಾಗ ಮರ ಬಿದ್ದು ಲೈನು ಹೋಯಿತು, ಇನ್ವರ್ಟರೂ ಕೈಕೊಟ್ಟಿತು, ಮೂರು ದಿನ ಕತ್ತಲೆ. ಮುಂದಿನ ವಾರ ಹೋದಾಗ ಉಳಿದದ್ದು ಹಾಕಲಾ ಅಂತ ದೊಡ್ಡಮ್ಮನನ್ನು ಕೇಳಿದೆ.

"ಬೇಡ. ಮಾಣಿ ಆ ಮನೆಗೆ ಹೊಂದಿಕೊಂಡ, ಸರಿಯಾಗಿ ಊಟ ಮಾಡ್ತಿದಾನೆ. ನಾನು ಅಷ್ಟು ಮಾಡಿ ಮುಗಿಸಿದೇನೆ. ನೀನು ಕಡೇದು ಹೇಳ್ಲಿಕ್ಕೆ ಬರಬೇಡ" ಅಂದರು.