ಒಂದೇ ಸ್ಕೇಲಿನಲ್ಲಿ ಜಗತ್ತಿನ ದೈತ್ಯ ಕಟ್ಟಡಗಳು: ನನ್ನ ಅನುಭವ

ಜಗತ್ತಿನ ಅತಿ ದೊಡ್ಡ ಕಟ್ಟಡ ಯಾವುದು? ಒಬ್ಬರು ಅಮೆರಿಕದಲ್ಲಿರುವ ಬೋಯಿಂಗ್‌ನ ಎವರೆಟ್ ವಿಮಾನ ಕಾರ್ಖಾನೆ ಅಂತಾರೆ. ಇನ್ನೊಬ್ಬರು ಚೀನಾದ ಚೆಂಗ್ಡುವಿನ ನ್ಯೂ ಸೆಂಚುರಿ ಗ್ಲೋಬಲ್ ಸೆಂಟರ್ ಅಂತಾರೆ. ಮತ್ತೊಬ್ಬರದು ಬುರ್ಜ್ ಖಲೀಫಾ. ಮೂರೂ ಸರಿ, ಯಾಕೆಂದರೆ ಮೂವರೂ ಅಳೆಯುತ್ತಿರುವುದು ಬೇರೆ ಬೇರೆ: ಒಬ್ಬರು ಘನಗಾತ್ರ, ಇನ್ನೊಬ್ಬರು ಮಹಡಿಗಳ ವಿಸ್ತೀರ್ಣ, ಮತ್ತೊಬ್ಬರು ಎತ್ತರ. ಪಟ್ಟಿಗಳನ್ನು ಓದಿ ಸಾಕಾಗಿ, ಇವನ್ನೆಲ್ಲ ಒಂದೇ ಸ್ಕೇಲಿಗೆ ಇಳಿಸಿ ಗ್ರಾಫ್ ಹಾಳೆಯ ಮೇಲೆ ಬರೆಯಲು ಕೂತೆ.

ಮೊದಲ ಕೆಲಸ ಸ್ಕೇಲ್ ಆರಿಸುವುದು. 1:1000 ಹಿಡಿದರೆ ಬುರ್ಜ್ ಖಲೀಫಾ ಒಂದೇ 83 ಸೆಂ.ಮೀ. ಆಗಿ ಹಾಳೆಯಿಂದ ಹೊರಗೆ ಹೋಗುತ್ತದೆ. 1:10000 ಹಿಡಿದರೆ ಉಳಿದವು ಕಾಣುವುದೇ ಇಲ್ಲ. 1:5000 ಹದವಾಗಿತ್ತು. ಒಂದು ಸೆಂ.ಮೀ. ಅಂದರೆ 50 ಮೀಟರ್. ಬುರ್ಜ್ 16.6 ಸೆಂ.ಮೀ. ಎತ್ತರ ಬಂತು.

ನೆಲದ ಆಕಾರಗಳನ್ನು ಉಪಗ್ರಹ ನಕ್ಷೆಯ ಮೇಲಿಂದ ತೆಗೆದೆ. ಅಳತೆಯ ಟೂಲ್ ನಂಬಬಹುದಾ ಅಂತ ಮೊದಲು ಅಮೆರಿಕದ ರಕ್ಷಣಾ ಇಲಾಖೆಯ ಐದು ಬದಿಯ ಕಚೇರಿ ಪೆಂಟಗನ್ ಮೇಲೆ ಪರೀಕ್ಷೆ ಮಾಡಿದೆ. ಅದರ ಒಂದೊಂದು ಬದಿ ಸುಮಾರು 281 ಮೀಟರ್, ಎಲ್ಲ ಕಡೆ ಒಪ್ಪಿರುವ ಲೆಕ್ಕ. ಟೂಲ್ ಕೂಡ ಅದರ ಹತ್ತಿರವೇ ತೋರಿಸಿತು, ಸಮಾಧಾನವಾಯ್ತು. ಒಂದು ಎಚ್ಚರ ಮಾತ್ರ ಬೇಕು. ಎತ್ತರದ ಕಟ್ಟಡಗಳು ಉಪಗ್ರಹ ಚಿತ್ರದಲ್ಲಿ ಒಂದು ಕಡೆ ವಾಲಿದ ಹಾಗೆ ಕಾಣುತ್ತವೆ. ಆದ್ದರಿಂದ ಗೆರೆ ಎಳೆಯಬೇಕಾದದ್ದು ಬುಡಕ್ಕೆ, ತುದಿಗಲ್ಲ.

ಬಣ್ಣದ ಕಾಗದದಲ್ಲಿ ಕತ್ತರಿಸಿ ಪಕ್ಕಪಕ್ಕ ಇಟ್ಟಾಗ ಮಜಾ ಶುರುವಾಯ್ತು. ಎವರೆಟ್ ಕಾರ್ಖಾನೆಯದು ಸುಮಾರು 4 ಲಕ್ಷ ಚದರ ಮೀಟರ್. ನನ್ನ ಹಾಳೆಯಲ್ಲಿ 160 ಚದರ ಸೆಂ.ಮೀ. ಗ್ಲೋಬಲ್ ಸೆಂಟರ್ 500 ಮೀಟರ್ ಉದ್ದ, 400 ಅಗಲ. ಅಂದರೆ 10 ಸೆಂ.ಮೀ.ಗೆ 8, ಬರೀ 80 ಚದರ ಸೆಂ.ಮೀ. ಬೋಯಿಂಗ್‌ನ ಅರ್ಧ. ಆದರೆ ಒಳಗಿನ ಮಹಡಿಗಳನ್ನೆಲ್ಲ ಕೂಡಿಸಿದರೆ ಗ್ಲೋಬಲ್ ಸೆಂಟರ್‌ನಲ್ಲಿ ಸುಮಾರು 17 ಲಕ್ಷ ಚದರ ಮೀಟರ್ ನೆಲ ಸಿಗುತ್ತದೆ, ಬೋಯಿಂಗ್‌ನ ನಾಲ್ಕು ಪಟ್ಟಿಗೂ ಜಾಸ್ತಿ. ಒಂದು ಕಡೆ ಅಂಗಡಿ, ಕಚೇರಿ, ಹೋಟೆಲ್. ಇನ್ನೊಂದು ಕಡೆ ವಿಮಾನ ಜೋಡಿಸಲು ಬೇಕಾದ ಖಾಲಿ ಜಾಗ. ಅಲ್ಲಿ ನಡುವೆ ಮಹಡಿ ಹಾಕಿದರೆ ಕೆಲಸವೇ ನಡೆಯಲ್ಲ.

ಮಹಡಿ ವಿಸ್ತೀರ್ಣದ ಪಟ್ಟಿಯಲ್ಲೇ ತಕರಾರು ಜಾಸ್ತಿ. ದುಬೈ ವಿಮಾನ ನಿಲ್ದಾಣದ ಟರ್ಮಿನಲ್ 3 ಕೂಡ 17 ಲಕ್ಷದ ಆಸುಪಾಸಿನಲ್ಲೇ ಇದೆ. ಮೆಕ್ಕಾದ ಅಬ್ರಾಜ್ ಅಲ್ ಬೈತ್ ಒಂದೇ ತಳದ ಮೇಲೆ ನಿಂತ ಏಳು ಗೋಪುರ. ಸೂರತ್‌ನ ವಜ್ರ ವಹಿವಾಟು ಕೇಂದ್ರದಲ್ಲಿ ಒಂಬತ್ತು ಗೋಪುರಗಳನ್ನು ನಡುವಿನ ಓಣಿಯೊಂದು ಜೋಡಿಸುತ್ತದೆ. 2023ರಲ್ಲಿ ಉದ್ಘಾಟನೆಯಾದಾಗ ಪೆಂಟಗನ್ ಅನ್ನು ಹಿಂದಿಕ್ಕಿದ ಕಚೇರಿ ಕಟ್ಟಡ ಅಂತ ಸುದ್ದಿಯಾಗಿದ್ದು ಇದೇ. ಇವು ಒಂದು ಕಟ್ಟಡವೋ, ಹಲವೋ? ಹೊರಗೆ ಕಾಲಿಡದೆ ಒಂದು ತುದಿಯಿಂದ ಇನ್ನೊಂದು ತುದಿಗೆ ಹೋಗಲು ಆಗುತ್ತದಾ ಅಂತ ನೋಡಿದೆ. ಹಾಗೆ ಹೋಗಲು ಆಗುವುದಾದರೆ ಒಂದೇ ಎಂದು ಎಣಿಸಿದೆ. ಒಪ್ಪದವರು ಇರಬಹುದು, ಆದರೆ ಯಾವುದಾದರೂ ಒಂದು ನಿಯಮ ಹಿಡಿಯದಿದ್ದರೆ ಹೋಲಿಕೆ ಮುಂದೆ ಸಾಗಲ್ಲ.

ಎತ್ತರಕ್ಕೆ ಎರಡು ಬಣ್ಣ ಬಳಸಿದೆ. ಜನ ಇರಬಹುದಾದ ಕೊನೆಯ ಮಹಡಿವರೆಗೆ ಗಟ್ಟಿ ಬಣ್ಣ, ಅದರ ಮೇಲೆ ಚುಕ್ಕೆ. ಬುರ್ಜ್‌ನ 828 ಮೀಟರ್‌ನಲ್ಲಿ ಸುಮಾರು 585ರ ಮೇಲೆ ಬರೀ ಚುಕ್ಕೆ! ಕೌಲಾಲಂಪುರದ ಪೆಟ್ರೋನಾಸ್ ಗೋಪುರಗಳ ಹಳೇ ಜಗಳವೂ ಈ ಬಣ್ಣಗಳಲ್ಲಿ ಚೆನ್ನಾಗಿ ಕಾಣುತ್ತದೆ. 1996ರಲ್ಲಿ 452 ಮೀಟರ್‌ನ ಪೆಟ್ರೋನಾಸ್, 442 ಮೀಟರ್‌ನ ಶಿಕಾಗೋದ ಸಿಯರ್ಸ್ ಟವರ್‌ನ (ಈಗ ವಿಲ್ಲಿಸ್ ಟವರ್) ದಾಖಲೆ ಮುರಿಯಿತು. ಪೆಟ್ರೋನಾಸ್‌ನ ಶಿಖರ ವಿನ್ಯಾಸದ ಭಾಗ, ಅದು ಲೆಕ್ಕಕ್ಕಿದೆ. ಸಿಯರ್ಸ್‌ನ ಆಂಟೆನಾ ಆಮೇಲೆ ಸಿಕ್ಕಿಸಿದ್ದು, ಅದು ಲೆಕ್ಕಕ್ಕಿಲ್ಲ. ನಿಯಮ ಹಾಗಿತ್ತು. ಗಟ್ಟಿ ಬಣ್ಣ ಮಾತ್ರ ನೋಡಿದರೆ ಸಿಯರ್ಸ್‌ದೇ ಎತ್ತರ. ನನ್ನ ಒಲವೂ ಅದರ ಕಡೆಗೇ.

ಎಲ್ಲಕ್ಕಿಂತ ಕಷ್ಟವಾದದ್ದು ಘನಗಾತ್ರ. ಎವರೆಟ್‌ದು 47.2 ಕೋಟಿ ಘನ ಅಡಿ. ಅದನ್ನು 35.3ರಿಂದ ಭಾಗಿಸಿದರೆ ಸುಮಾರು 1.34 ಕೋಟಿ ಘನ ಮೀಟರ್. ಅಂಕಿ ಸರಿಯಿದೆಯಾ ಅಂತ ತಿಳಿಯಲು ಘನಗಾತ್ರವನ್ನು ನೆಲದ ವಿಸ್ತೀರ್ಣದಿಂದ ಭಾಗಿಸುತ್ತೇನೆ. ಉತ್ತರ ಸರಾಸರಿ ಎತ್ತರ. ಇಲ್ಲಿ ಸುಮಾರು 33 ಮೀಟರ್ ಬಂತು. ವಿಮಾನ ಕಾರ್ಖಾನೆಗೆ ತಕ್ಕ ಎತ್ತರವೇ. 3 ಮೀಟರೋ 300 ಮೀಟರೋ ಬಂದರೆ ಎಲ್ಲೋ ಸೊನ್ನೆ ತಪ್ಪಿದೆ ಅಂತ ಅರ್ಥ.

ಉದ್ದ, ಅಗಲ, ಎತ್ತರ ಸುಮ್ನೆ ಗುಣಿಸುವುದೂ ಸರಿಯಲ್ಲ. ಗ್ಲೋಬಲ್ ಸೆಂಟರ್‌ನ 500, 400, 100 ಗುಣಿಸಿದರೆ 2 ಕೋಟಿ ಬಂದು ಬೋಯಿಂಗ್ ಅನ್ನೇ ಮೀರಿಸುತ್ತದೆ. ಅದರ ಚಾವಣಿ ಅಲೆಯ ಹಾಗೆ ಬಾಗಿದೆ, 100 ಮೀಟರ್ ಅದರ ಅತಿ ಎತ್ತರದ ಜಾಗದ್ದು. ಆ ಅಂಕಿಯನ್ನು ಹಾಳೆಗೆ ಹಾಕಲೇ ಇಲ್ಲ.

ಘನಗಾತ್ರವನ್ನು ಚಿತ್ರದಲ್ಲಿ ತೋರಿಸಲು ಅಷ್ಟೇ ಗಾತ್ರದ ಚೌಕ ಡಬ್ಬಿ ಬರೆದೆ. ಎವರೆಟ್‌ನ ಡಬ್ಬಿಯ ಬದಿ 237 ಮೀಟರ್. ಬರ್ಲಿನ್ ಹತ್ತಿರದ ಟ್ರಾಪಿಕಲ್ ಐಲೆಂಡ್ಸ್, ಅಂದರೆ ಹಿಂದೆ ವಾಯುನೌಕೆಗೆಂದು ಕಟ್ಟಿದ ಹಾಲ್, 52 ಲಕ್ಷ ಘನ ಮೀಟರ್. ಅದರ ಬದಿ 173. ರಾಕೆಟ್ ಜೋಡಿಸುವ ನಾಸಾದ ವಿಎಬಿ ಸುಮಾರು 36.6 ಲಕ್ಷ, ಬದಿ 154. ಈ ಡಬ್ಬಿಗಳು ಕಣ್ಣಿಗೆ ಮೋಸ ಮಾಡುತ್ತವೆ. ಬೋಯಿಂಗ್ ವಿಎಬಿಯ 3.6 ಪಟ್ಟಿಗೂ ಹೆಚ್ಚು ದೊಡ್ಡದಾದರೂ ಡಬ್ಬಿಯ ಬದಿ ಒಂದೂವರೆ ಪಟ್ಟು ಮಾತ್ರ. ಹಾಗಾಗಿ ಪ್ರತಿ ಡಬ್ಬಿಯ ಕೆಳಗೂ ಅಂಕಿ ಬರೆದೆ.

ಕೊನೆಗೆ ಕುತೂಹಲಕ್ಕೆ ಗೀಜಾದ ಮಹಾ ಪಿರಮಿಡ್ ಸೇರಿಸಿದೆ. ಅದರ ಗಾತ್ರ ಸುಮಾರು 26 ಲಕ್ಷ ಘನ ಮೀಟರ್, ಮೂಲ ಎತ್ತರ 146 ಮೀಟರ್. ವಿಎಬಿ 160 ಮೀಟರ್ ಎತ್ತರ, ಗಾತ್ರದಲ್ಲೂ ದೊಡ್ಡದು. ಒಳಗೆ ಇಡಬಹುದಲ್ವಾ ಅನಿಸುತ್ತದೆ. ಕಾಗದದ ತುಂಡುಗಳನ್ನು ಒಂದರ ಮೇಲೊಂದು ಇಟ್ಟು ನೋಡಿದೆ. ಪಿರಮಿಡ್ಡಿನ ಬುಡ 230 ಮೀಟರ್ ಚೌಕ. ವಿಎಬಿ 218 ಉದ್ದ, 158 ಅಗಲ. ನಾಲ್ಕೂ ಕಡೆ ಹೊರಗೆ ಚಾಚಿಕೊಂಡಿತ್ತು.